ಕೊಪ್ಪರಿಗೆ, ಜೀಪು ಮತ್ತು ಸಂಕಪ್ಪನ ಬೆರಳು

ಸಂಕಪ್ಪನ ಕಷ್ಟಕ್ಕೆಲ್ಲ ಮೂಲ ಎರಡು ಕೊಪ್ಪರಿಗೆ ಮತ್ತು ಒಂದು ಜೀಪು.

ಕೊಪ್ಪರಿಗೆ ರಾಮಪ್ರಸಾದ ಭಟ್ಟರದ್ದು, ಜೀಪು ಉದಯಶಂಕರ ರೈಗಳದ್ದು. ಕಾಣಿಯೂರಿನಿಂದ ಮೂರು ಮೈಲು ಒಳಗಿರುವ ನೆಕ್ಕಿಲಕಟ್ಟೆಯಲ್ಲಿ ಇನ್ನೂರು ಜನರ ಅನ್ನ ಬೇಯುವ ಕೊಪ್ಪರಿಗೆ ಇದ್ದದ್ದು ಭಟ್ಟರಲ್ಲಿ ಮಾತ್ರ. ಮಣ್ಣಿನ ರಸ್ತೆಯ ಏರು ಹತ್ತುವ ಜೀಪು ಇದ್ದದ್ದು ರೈಗಳಲ್ಲಿ ಮಾತ್ರ. ದರ್ಜಿ ಸಂಕಪ್ಪನ ಮಗಳು ಮೋಹಿನಿಯ ಮದುವೆ ಹದಿನೆಂಟನೇ ತಾರೀಕಿಗೆ ನಿಶ್ಚಯವಾಗಿತ್ತು. ಗುಂಡ್ಯದಿಂದ ಬರುವ ದಿಬ್ಬಣ ಕಾಣಿಯೂರಿನಲ್ಲಿ ಬಸ್ಸಿಳಿದರೆ ಅಲ್ಲಿಂದ ಮುಂದಕ್ಕೆ ಜೀಪು ಬೇಕು. ಬಂದವರಿಗೆ ಉಣ್ಣಲಿಕ್ಕೆ ಹಾಕಬೇಕಾದರೆ ಕೊಪ್ಪರಿಗೆ ಬೇಕು. ಇಷ್ಟೇ ಆಗಿದ್ದರೆ ಕತೆಯೇ ಇಲ್ಲ. ಆದರೆ ಅದು ಎಪ್ಪತ್ತರ ದಶಕದ ಕೊನೆಯ ಬೇಸಗೆ. ಎಂಟನೇ ತಾರೀಕಿಗೆ ಪಂಚಾಯತು ಚುನಾವಣೆ ಬಿದ್ದಿತ್ತು. ಭಟ್ಟರು ಕೊಡೆ ಗುರುತಿನಲ್ಲಿ ನಿಂತಿದ್ದರು, ರೈಗಳು ಏಣಿ ಗುರುತಿನಲ್ಲಿ.

ಪಂಚಾಯತು ಚುನಾವಣೆಗೆ ಪಕ್ಷ ಇಲ್ಲ ಎಂಬುದು ಕಾಗದದ ಮಾತು. ಕೊಡೆಯ ಅಡಿಯಲ್ಲಿ ಯಾವ ಪಕ್ಷ ನಿಂತಿದೆ, ಏಣಿಯನ್ನು ಯಾವ ಪಕ್ಷ ಹಿಡಿದುಕೊಂಡಿದೆ ಎಂಬುದು ನೆಕ್ಕಿಲಕಟ್ಟೆಯ ಕರುಗಳಿಗೂ ಗೊತ್ತಿತ್ತು. ಗೇಣಿ ಜಾಗಕ್ಕೆ ಡಿಕ್ಲರೇಶನ್ ಕೊಟ್ಟು ಭೂಮಿ ಪಡೆದವರು ಏಣಿ. ಡಿಕ್ಲರೇಶನ್ನಿನಲ್ಲಿ ಭೂಮಿ ಕಳಕೊಂಡವರು ಕೊಡೆ. ಕಳಕೊಂಡದ್ದೂ ಇಲ್ಲ, ಪಡೆದದ್ದೂ ಇಲ್ಲ ಎಂಬವರು ತಮ್ಮ ಭಾವ ಯಾವ ಕಡೆಯೋ ಅದರ ಎದುರು ಕಡೆ. ಹೀಗೆ ಊರಿನಲ್ಲಿ ಎಲ್ಲವೂ ಇತ್ಯರ್ಥವಾಗಿತ್ತು. ಆದಂ ಕುಂಞಿಯ ಚಾ ಅಂಗಡಿಯಲ್ಲಿ ಎರಡು ಬೆಂಚು. ಬಾಗಿಲಿನ ಬಲಕ್ಕಿದ್ದ ಬೆಂಚಿನಲ್ಲಿ ಕೊಡೆಯವರು, ಎಡಕ್ಕಿದ್ದದ್ದರಲ್ಲಿ ಏಣಿಯವರು. ಹೊಸಬ ಯಾರಾದರೂ ತಿಳಿಯದೆ ತಪ್ಪು ಬೆಂಚಿನಲ್ಲಿ ಕುಳಿತರೆ ಆ ಸಂಜೆಯೊಳಗೆ ಅವನ ಹೆಂಡತಿಯ ತವರಿಗೆ ಸುದ್ದಿ ಮುಟ್ಟುತ್ತಿತ್ತು.

ಸಂಕಪ್ಪ ಮಾತ್ರ ಹದಿನೈದು ವರ್ಷಗಳಿಂದ ನಿಂತೇ ಚಾ ಕುಡಿದವನು. ಎರಡೂ ಬೆಂಚಿನವರ ಅಂಗಿ ಹೊಲಿಯುವವನು ಒಂದು ಬೆಂಚಿನಲ್ಲಿ ಕುಳಿತರೆ ಅರ್ಧ ಊರು ಬರಿಮೈಯಲ್ಲಿ ಹೋಗಬೇಕಾದೀತು ಎಂಬ ಕಾಳಜಿ ಅವನದ್ದು. ಕೇಳಿದವರಿಗೆ, "ಇಡೀ ದಿನ ಮೆಶಿನಿನಲ್ಲಿ ಕೂತು ಕೂತು ಸೊಂಟ ಹಿಡ್ದಿದೆ ಮಾರಾಯ್ರೆ, ಸ್ವಲ್ಪ ನಿಲ್ತೇನೆ" ಎನ್ನುತ್ತಿದ್ದ.

ಇದರಿಂದ ಅತ್ಯಂತ ನೊಂದವನು ಆದಂ ಕುಂಞಿ. ಆತ ಚಾ ಮಾರುತ್ತಿದ್ದದ್ದು ಹೊಟ್ಟೆಪಾಡಿಗೆ. ಅವನ ನಿಜವಾದ ಕಸುಬು ಓಟಿನ ಲೆಕ್ಕ. ಮೂರನೇ ವಾರ್ಡಿನ ನೂರ ಮೂವತ್ತೇಳು ಓಟುಗಳನ್ನು ಬೀಡಿ ಕಟ್ಟಿನ ಲೇಬಲ್ಲುಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದ. ಕೊಡೆಯವರದ್ದು ಒಂದು ಸಾಲು, ಏಣಿಯವರದ್ದು ಒಂದು ಸಾಲು, ಸತ್ತವರು ಮತ್ತು ಬೊಂಬಾಯಿಗೆ ಹೋದವರದ್ದು ಮೂರನೆಯ ಸಾಲು. ಸಂಕಪ್ಪನ ಹೆಸರು ಮಾತ್ರ ಯಾವ ಸಾಲಿಗೂ ಸೇರದೆ ಲೇಬಲ್ಲಿನ ಮೂಲೆಯಲ್ಲಿ, ಜೇಡ ಹಿಡಿದ ನೊಣದ ಹಾಗೆ, ಒಂಟಿಯಾಗಿ ಉಳಿದಿತ್ತು.

"ಸಂಕಪ್ಪ, ನಂಗೆ ಮಾತ್ರ ಹೇಳು ಮಾರಾಯ. ನಾನು ಯಾರಿಗೂ ಹೇಳುದಿಲ್ಲ" ಎಂದು ಆದಂ ಕುಂಞಿ ಪ್ರತಿ ಚುನಾವಣೆಗೂ ಕೇಳುವನು.

"ಓಟು ಗುಟ್ಟಿನ ವಿಷಯ ಅಲ್ವಾ ಕಾಕ" ಎಂದು ಸಂಕಪ್ಪ ಪ್ರತಿ ಚುನಾವಣೆಗೂ ಹೇಳುವನು.

ಈಗ ಮದುವೆಯ ಪಾತ್ರೆ ಕೇಳಲು ಸಂಕಪ್ಪ ಭಟ್ಟರ ಮನೆಗೆ ಹೋದ. ದೊಡ್ಡವರಲ್ಲಿ ಏನಾದರೂ ಕೇಳುವಾಗ ಬರಿಗೈಯಲ್ಲಿ ಹೋಗಬಾರದೆಂದು ವೀಳ್ಯದೆಲೆ ಅಡಿಕೆ ಹಿಡಿದುಕೊಂಡೇ ಹೋಗಿದ್ದ.

"ಪಾತ್ರೆಗೆಂತ ಸಂಕಪ್ಪ, ಬೇಕಾದಷ್ಟು ತಗೊಂಡು ಹೋಗು. ಮೋಹಿನಿ ನಮ್ಮ ಕಣ್ಣೆದುರು ಬೆಳೆದ ಹುಡುಗಿ" ಎಂದರು ಭಟ್ಟರು. ಆಮೇಲೆ ಎಲೆಯ ನಾರು ತೆಗೆಯುತ್ತ, "ಎಂಟನೇ ತಾರೀಕು ನೆನಪುಂಟಲ್ಲ?" ಎಂದರು.

ಸಂಕಪ್ಪ ದರ್ಜಿ. ಹೊಲಿಗೆಗೆ ಕೊಟ್ಟವರು ಯಾವಾಗ ಸಿಗುತ್ತದೆ ಎಂದು ಕೇಳಿದರೆ ಅವನ ಬಾಯಿಂದ ಬರುವ ಉತ್ತರ ಒಂದೇ: "ನಾಳೆ, ದೈವದಾಣೆ." ಇಪ್ಪತ್ತು ವರ್ಷಗಳ ಅಭ್ಯಾಸ. ಬಾಯಿ ತಾನಾಗಿ ತೆರೆಯಿತು.

"ಕೊಡೆಗೇ ಭಟ್ರೆ, ದೈವದಾಣೆ!"

ಅಲ್ಲಿಂದ ಇಳಿದು ತೋಡು ದಾಟಿ ರೈಗಳ ಮನೆಗೆ ಹೋದ. ಕೈಯಲ್ಲಿ ಇನ್ನೊಂದು ಕಟ್ಟು ವೀಳ್ಯದೆಲೆ ಇತ್ತು. ರೈಗಳು ಜೀಪು ಇಲ್ಲ ಎನ್ನಲಿಲ್ಲ. "ಒಂದಲ್ಲ, ನಾಲ್ಕು ಟ್ರಿಪ್ ಹೊಡಿಯುವ. ಆದ್ರೆ ಎಂಟಕ್ಕೆ ನೀನು ನಮ್ಮೊಟ್ಟಿಗೆ ಇರ್ಬೇಕು" ಎಂದರು. ಬಾಯಿ ಪುನಃ ತಾನಾಗಿ ತೆರೆಯಿತು.

"ಏಣಿಗೇ ಧನಿ, ದೈವದಾಣೆ!"

ಮನೆಗೆ ಬಂದು ಹೆಂಡತಿ ಸೀತುವಿನಲ್ಲಿ ಎರಡೂ ಕೆಲಸವಾಯಿತೆಂದು ಹೇಳಿದ. ಹೇಗಾಯಿತೆಂದೂ ಹೇಳಿದ. ಸೀತು ಹಣೆಗೆ ಕೈ ಹಚ್ಚಿದಳು.

"ರವಕೆಗೆ ಹಾಕಿದ ಆಣೆ ದೈವ ಲೆಕ್ಕಕ್ಕೆ ಹಿಡಿಯುದಿಲ್ಲ. ವೀಳ್ಯ ಕೊಟ್ಟು ಹಾಕಿದ್ದನ್ನು ಬಿಡ್ತದಾ? ಅದೂ ಮಗಳ ಮದುವೆ ಎದುರು ಇಟ್ಟುಕೊಂಡು! ಈಗ ಎಂತ ಮಾಡುದು?"

ಸಂಕಪ್ಪ ಎರಡು ರಾತ್ರಿ ಯೋಚಿಸಿ ಒಂದು ದಾರಿ ಕಂಡುಹಿಡಿದ. "ಓಟು ಹಾಕಿದ್ರೆ ಒಂದು ಆಣೆ ಉಳೀತದೆ, ಒಂದು ತಪ್ತದೆ. ಹಾಕದೇ ಇದ್ರೆ ಇಬ್ಬರಿಗೂ ಸಮ. ಸಮ ಆದ್ರೆ ದೈವಕ್ಕೆ ಬೇಸರ ಇಲ್ಲ."

"ಹಾಕಲಿಲ್ಲ ಅಂತ ಗೊತ್ತಾದ್ರೆ ಭಟ್ರಿಗೂ ಬೇಸರ, ರೈಗಳಿಗೂ ಬೇಸರ."

"ಗೊತ್ತಾಗುದು ಹೇಗೆ? ಬೆರಳಲ್ಲಿ ಮಸಿ ಇದ್ರೆ ಆಯ್ತಲ್ಲ!"

ಎಂಟನೇ ತಾರೀಕಿನ ಬೆಳಿಗ್ಗೆ ಆರು ಗಂಟೆಗೆ ಸಂಕಪ್ಪ ಮನೆಯ ಹಿಂದಿನ ಗೇರುಮರದ ಅಡಿಯಲ್ಲಿದ್ದ. ಒಂದು ಹಸಿ ಗೇರುಬೀಜ ಒಡೆದು, ಅದರ ಸಿಪ್ಪೆಯ ಸೊನೆಯಲ್ಲಿ ಬೆಂಕಿಕಡ್ಡಿ ಅದ್ದಿ, ಎಡಗೈಯ ತೋರುಬೆರಳಿನ ಉಗುರಿನ ಬುಡಕ್ಕೆ ಚಂದದ ಒಂದು ಗೆರೆ ಎಳೆದ. ಗೇರುಸೊನೆಯ ಗುಣ ಊರಿಗೆಲ್ಲ ಗೊತ್ತಿದ್ದದ್ದೇ. ತಾಗಿದಲ್ಲಿ ಮೊದಲು ಕಪ್ಪಾಗುತ್ತದೆ. ತಿಂಗಳು ತೊಳೆದರೂ ಹೋಗುವುದಿಲ್ಲ. ಸರಕಾರದ ಮಸಿಗಿಂತ ಗಟ್ಟಿ. ಕಪ್ಪಾದ ಮೇಲೆ ಏನಾಗುತ್ತದೆ ಎಂಬುದೂ ಊರಿಗೆಲ್ಲ ಗೊತ್ತಿತ್ತು; ಆದರೆ ಸಂಕಪ್ಪ ಆ ಬೆಳಿಗ್ಗೆ ಅಷ್ಟು ಮುಂದಿನ ಯೋಚನೆಗೆ ಹೋಗಿರಲಿಲ್ಲ.

ಏಳು ಗಂಟೆಗೆ ಅಂಗಡಿಯ ಹಲಗೆ ತೆಗೆದು ಮೆಶಿನಿನ ಮುಂದೆ ಕುಳಿತ. ಬೆರಳು ರಸ್ತೆಗೆ ಕಾಣುವ ಹಾಗೆ ಎಡಗೈಯನ್ನು ಮೆಶಿನಿನ ತಲೆಯ ಮೇಲಿಟ್ಟಿದ್ದ. ಮೊದಲು ಕಂಡದ್ದು ಮೀನು ಮಾರುವ ಹಂಝ. ಸೈಕಲಿಗೆ ಬ್ರೇಕು ಹಾಕಿ ಕಣ್ಣು ಕಿರಿದು ಮಾಡಿದ.

"ಎಂತ ಸಂಕಪ್ಪಣ್ಣ, ಓಟು ಹಾಕಿ ಆಯ್ತಾ?"

"ಆಯ್ತು ಮಾರಾಯ. ಬೆಳಗ್ಗೆಯೇ ಮುಗಿಸಿದೆ."

"ಓಟು ಶುರುವಾಗುದೇ ಎಂಟು ಗಂಟೆಗಲ್ವಾ?"

ಸಂಕಪ್ಪ ಗೋಡೆಯ ಗಡಿಯಾರ ನೋಡಿದ. ಏಳೂಕಾಲು. ಒಂದು ಕ್ಷಣ ಅವನ ಮುಖ ಇಸ್ತ್ರಿ ಪೆಟ್ಟಿಗೆಯ ಅಡಿಗೆ ಸಿಕ್ಕಿದ ನೈಲಾನ್ ಸೀರೆಯ ಹಾಗಾಯಿತು.

"ಓಟಲ್ಲ ಮಾರಾಯ, ಇದು ಮೆಶಿನಿನ ಎಣ್ಣೆ! ನೀನು ಕೇಳಿದ್ದು ಬಟನ್ ಅಂತ ಮಾಡಿದೆ. ಬಟನ್ ಹಾಕಿ ಆಯ್ತು" ಎಂದು ಏನೇನೋ ಹೇಳಿ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆಯ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆದು ಎಡ ತೋರುಬೆರಳಿಗೆ ಒತ್ತಿ ಹಾಕಿದ. ಎಂಟು ದಾಟಿದ ಮೇಲೆ ತೆಗೆದರಾಯಿತು ಎಂಬುದು ಅವನ ಅಂದಾಜು.

ಎಂಟೂವರೆಗೆ ತೆಗೆಯಲು ಹೋದರೆ ಟೋಪಿ ಬರಲಿಲ್ಲ. ಗೇರುಸೊನೆ ತನ್ನ ಎರಡನೆಯ ಗುಣವನ್ನು ಟೋಪಿಯ ಒಳಗೆ ಕುಳಿತು ನಿಧಾನವಾಗಿ ತೋರಿಸತೊಡಗಿತ್ತು. ಬೆರಳು ಉರಿದು, ಬಾತು, ಹಿತ್ತಾಳೆಯನ್ನು ಒಳಗಿಂದ ತಬ್ಬಿ ಹಿಡಿದಿತ್ತು. ಎಳೆದ, ತಿರುಪಿದ, ಹಲ್ಲಿನಲ್ಲಿ ಕಚ್ಚಿದ. ಒಂಬತ್ತಕ್ಕೆ ಬೆರಳು ಟೋಪಿಯ ಕೆಳಗೆ ಉದ್ದಿನ ವಡೆಯ ಅಂಚಿನಂತೆ ಉಕ್ಕಿ ನಿಂತಿತು.

ಚಾ ಕುಡಿದರೆ ಬುದ್ಧಿ ಬಂದೀತೆಂದು ಆದಂ ಕುಂಞಿಯ ಅಂಗಡಿಗೆ ಹೋದ. ಎರಡೂ ಬೆಂಚು ಖಾಲಿ. ಜನರೆಲ್ಲ ಗುಡ್ಡದ ಮೇಲಿನ ಶಾಲೆಯ ಬೂತಿನಲ್ಲಿದ್ದರು.

"ಟೋಪಿ ಎಡಗೈಗೆ ಬಂದದ್ದು ಯಾವಾಗ?" ಎಂದ ಆದಂ ಕುಂಞಿ. ಅವನ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ.

"ಇವತ್ತು... ಕಾಜ ಹೊಲೀಲಿಕ್ಕೆ."

"ಓಟು ಆಯ್ತಾ?"

"ಆಯ್ತಲ್ಲ ಕಾಕ. ಆಗಲೇ ಆಯ್ತು."

ಆದಂ ಕುಂಞಿ ಚಾ ಎತ್ತಿ ಹೊಯ್ಯುತ್ತಿದ್ದವನು ಕೈ ನಿಲ್ಲಿಸಿದ. "ಸುಳ್ಳು ಹೇಳ್ಬೇಡ. ಬೂತಿನ ಒಳಗೆ ಎರಡು ಕಡೆಯ ಏಜೆಂಟರೂ ಪಟ್ಟಿ ಹಿಡ್ಕೊಂಡು ಕೂತಿದ್ದಾರೆ. ಹಾಕಿದವರ ಹೆಸರಿಗೆ ಗೀಟು ಎಳೀತಾರೆ. ಅರ್ಧ ಗಂಟೆಗೊಮ್ಮೆ ಲೆಕ್ಕ ಇಲ್ಲಿಗೆ ಬರ್ತದೆ. ನಿನ್ನ ಹೆಸರಿಗೆ ಗೀಟು ಬೀಳಲಿಲ್ಲ."

ಈ ಪಟ್ಟಿಯ ಸಂಗತಿ ಸಂಕಪ್ಪನ ಯೋಜನೆಯಲ್ಲಿ ಇರಲೇ ಇಲ್ಲ.

"ಈ ಸಲ ಒಂದೇ ಓಟಿನ ಮಾತು ಸಂಕಪ್ಪ" ಎಂದ ಆದಂ ಕುಂಞಿ, ಬಹಳ ಮೆಲ್ಲಗೆ. "ನನ್ನ ಲೆಕ್ಕ ಯಾವತ್ತಾದ್ರೂ ತಪ್ಪಿದ್ದುಂಟಾ? ಇಬ್ಬರೂ ನಿನ್ನನ್ನು ಹುಡುಕಿಕೊಂಡು ಬರ್ತಾರೆ, ನೋಡು."

ಹೇಳಿ ಮುಗಿಯುವುದರೊಳಗೆ ಬಂದೇ ಬಿಟ್ಟರು. ಒಂದು ಕಡೆಯಿಂದ ರೈಗಳ ಜೀಪು, ಇನ್ನೊಂದು ಕಡೆಯಿಂದ ಭಟ್ಟರು ಪುತ್ತೂರಿನಿಂದ ಬಾಡಿಗೆಗೆ ತರಿಸಿದ ಅಂಬಾಸಿಡರ್ ಕಾರು. ಎರಡೂ ಅಂಗಡಿಯ ಮುಂದೆ ಮೂಗಿಗೆ ಮೂಗು ಕೊಟ್ಟು ನಿಂತವು. ಜೀಪಿನಿಂದ ರೈಗಳೇ ಇಳಿದರು, ಕಾರಿನಿಂದ ಭಟ್ಟರೇ ಇಳಿದರು.

"ಹತ್ತು ಸಂಕಪ್ಪ" ಎಂದರು ರೈಗಳು.

"ಸಂಕಪ್ಪ ಕಾರಿನಲ್ಲಿ ಬರ್ತಾನೆ. ಅವನಿಗೆ ಸೊಂಟ ನೋವು, ಜೀಪಿನಲ್ಲಿ ಕುಲುಕ್ತದೆ" ಎಂದರು ಭಟ್ಟರು.

ಓಟಿನ ದಿನ ಯಾರ ಗಾಡಿ ಹತ್ತಿದನೋ ಅವನ ಓಟು ಅವರದ್ದು. ನೆಕ್ಕಿಲಕಟ್ಟೆಯಲ್ಲಿ ಇದಕ್ಕೆ ಸಾಕ್ಷಿ ಬೇಕಾಗಿರಲಿಲ್ಲ. ಸಂಕಪ್ಪ ಜೀಪನ್ನು ನೋಡಿದ. ಅದರಲ್ಲಿ ದಿಬ್ಬಣ ಕಂಡಿತು. ಭಟ್ಟರನ್ನು ನೋಡಿದ, ಅವರ ಹಿಂದೆ ಹಬೆಯಾಡುವ ಕೊಪ್ಪರಿಗೆ ಕಂಡಿತು.

"ನಾನು ನಡೆದೇ ಬರ್ತೇನೆ" ಎಂದ. "ಮದುವೆ ಮುಗಿಯುವ ತನಕ ಗಾಡಿ ಹತ್ತುದಿಲ್ಲ ಅಂತ ಹರಕೆ ಉಂಟು."

ಹಾಗೆ ಮೆರವಣಿಗೆ ಹೊರಟಿತು. ಮುಂದಿನಿಂದ ಮೊದಲನೆಯ ಗಿಯರಿನಲ್ಲಿ ಜೀಪು, ಹಿಂದಿನಿಂದ ಉಸಿರು ಕಟ್ಟಿಕೊಂಡು ಅಂಬಾಸಿಡರ್, ನಡುವೆ ಧೂಳಿನಲ್ಲಿ ಟೋಪಿ ಹಾಕಿದ ಬೆರಳನ್ನು ಮೇಲಕ್ಕೆತ್ತಿಕೊಂಡ ಸಂಕಪ್ಪ. ಕೆಳಗೆ ಬಿಟ್ಟರೆ ಬೆರಳು ಜುಮುಜುಮು ಎನ್ನುತ್ತಿತ್ತು. ದಾರಿಯುದ್ದಕ್ಕೂ ಜನ ಅಂಗಳಕ್ಕೆ ಬಂದು ನೋಡಿದರು. "ಮದುವೆ ಮಗಳದ್ದಾ, ಇವನದ್ದಾ?" ಎಂದು ಯಾರೋ ಬೇಲಿಯಾಚೆಯಿಂದ ಕೇಳಿದರು.

ಶಾಲೆಯಲ್ಲಿ ಚುನಾವಣಾಧಿಕಾರಿಯಾಗಿ ಬಂದಿದ್ದವರು ಸುಳ್ಯದ ಕಡೆಯ ಒಬ್ಬ ಗಣಿತದ ಮಾಸ್ಟ್ರು. ಅವರಿಗೆ ಜಗತ್ತಿನಲ್ಲಿ ಎರಡು ಬಗೆಯ ಸಂಗತಿಗಳು ಮಾತ್ರ ಇದ್ದವು: ನಿಯಮದಲ್ಲಿ ಇರುವುದು, ಇಲ್ಲದಿರುವುದು. ಸಂಕಪ್ಪ ಒಳಗೆ ಬಂದೊಡನೆ ಎರಡು ಕಡೆಯ ಏಜೆಂಟರೂ ಪೆನ್ಸಿಲು ಎತ್ತಿ ಹಿಡಿದರು.

"ಎಡಗೈ ತೋರುಬೆರಳು" ಎಂದರು ಮಾಸ್ಟ್ರು.

ಸಂಕಪ್ಪ ಬೆರಳು ಚಾಚಿದ. ಹಿತ್ತಾಳೆ ಮಿನುಗಿತು.

"ಇದೆಂತದು?"

"ಟೋಪಿ ಸಾರ್. ನಾನು ದರ್ಜಿ."

"ತೆಗೆಯಿರಿ. ಟೋಪಿಗೆ ಮಸಿ ಹಾಕ್ಲಿಕ್ಕೆ ನಿಯಮ ಇಲ್ಲ."

"ಬರುದಿಲ್ಲ ಸಾರ್."

"ಬಾರದಿದ್ರೆ ಮಸಿ ಇಲ್ಲ. ಮಸಿ ಇಲ್ಲದಿದ್ರೆ ಚೀಟಿ ಇಲ್ಲ."

ರೈಗಳ ಏಜೆಂಟ್ ಎದ್ದು ಟೋಪಿ ಹಿಡಿದು ಎಳೆದ. ಭಟ್ಟರ ಏಜೆಂಟ್ ಸಂಕಪ್ಪನ ಮೊಣಕೈ ಹಿಡಿದು ಈಚೆಗೆ ಎಳೆದ. ಇಡೀ ಚುನಾವಣೆಯಲ್ಲಿ ಎರಡು ಕಡೆಯವರು ಒಟ್ಟಾಗಿ ಮಾಡಿದ ಕೆಲಸ ಅದೊಂದೇ. ಸಂಕಪ್ಪನ ಕೂಗಿಗೆ ಹೊರಗಿನ ಸಾಲಿನಲ್ಲಿ ನಿಂತಿದ್ದ ಹೆಂಗಸರು ಕಿಟಿಕಿಗೆ ಬಂದರು. ಅವರಲ್ಲಿ ಬಳೆ ಮಾರುವ ಜೈನಬಮ್ಮ ಇದ್ದಳು. ಮೂವತ್ತು ವರ್ಷ ಊರಿನ ಹೆಂಗಸರ ಕೈಗೆ ಬಳೆ ಏರಿಸಿ ಇಳಿಸಿದವಳು.

"ಬಿಡಿ, ಬಿಡಿ! ಬೆರಳಾ, ಮರಗೆಣಸಾ? ಹೀಗೆ ಎಳೆಯುದಾ?" ಎನ್ನುತ್ತ ಒಳಗೆ ನುಗ್ಗಿದಳು. "ಸಂಕಪ್ಪಾ, ಕಿಸೆಯಲ್ಲಿ ನೂಲುಂಟಾ?"

ದರ್ಜಿಯ ಕಿಸೆಯಲ್ಲಿ ನೂಲು ಇಲ್ಲದಿರುತ್ತದೆಯೇ. ಜೈನಬಮ್ಮ ನೂಲನ್ನು ಟೋಪಿಯ ಅಂಚಿನಿಂದ ಹಿಂದಕ್ಕೆ ಬೆರಳಿಗೆ ಒತ್ತೊತ್ತಾಗಿ ಸುತ್ತಿ, ತುದಿಯನ್ನು ಅಂಚಿನ ಕೆಳಗೆ ತೂರಿಸಿ, ಮಾಸ್ಟ್ರ ಚೀಲದಲ್ಲಿದ್ದ ತಲೆಗೆ ಹಚ್ಚುವ ಎಣ್ಣೆಯ ಬಾಟ್ಲಿಯಿಂದ ಎರಡು ಹನಿ ಬಿಟ್ಟು, ತಿರುಪುತ್ತ ಬಂದಳು. ಟೋಪಿ 'ಟುಪ್' ಎಂದು ಹಾರಿ ಮತಪೆಟ್ಟಿಗೆಗೆ ಬಡಿದು ಬಿತ್ತು.

ಬಾತುಹೋದ ಬೆರಳಿನ ಉಗುರಿನ ಬುಡದಲ್ಲಿ ಕಪ್ಪು ಗೆರೆ, ಅಷ್ಟು ದೂರಕ್ಕೂ ಕಾಣುವ ಹಾಗೆ, ರಾಜಗಾಂಭೀರ್ಯದಿಂದ ಕುಳಿತಿತ್ತು.

"ಓಟು ಹಾಕಿ ಆಗಿದೆ!" ಎಂದರು ಮಾಸ್ಟ್ರು.

"ಇಲ್ಲ ಸಾರ್, ನಮ್ಮ ಪಟ್ಟಿಯಲ್ಲಿ ಗೀಟಿಲ್ಲ" ಎಂದ ಕೊಡೆಯ ಏಜೆಂಟ್.

"ನಮ್ಮದ್ರಲ್ಲೂ ಇಲ್ಲ. ಅದು ಗೇರುಸೊನೆ ಸಾರ್, ನೋಡಿದ್ರೆ ಗೊತ್ತಾಗ್ತದೆ" ಎಂದ ಏಣಿಯ ಏಜೆಂಟ್.

"ಸೊನೆಯೋ ಸಗಣಿಯೋ, ನಂಗೆ ಕಪ್ಪು ಕಾಣ್ತದೆ. ಎಡಗೈ ತೋರುಬೆರಳಲ್ಲಿ ಕಪ್ಪು ಇದ್ದವನಿಗೆ ಚೀಟಿ ಕೊಡ್ಲಿಕ್ಕಾಗುದಿಲ್ಲ. ಮುಂದಿನವರು ಬನ್ನಿ."

ಸಂಕಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮಾಸ್ಟ್ರ ಕಾಲಿಗೆ ಬೀಳಬೇಕೆನಿಸಿತು. ಓಟು ಹಾಕದೆ ಇರಬೇಕೆಂದು ಅವನು ಮಾಡಿದ ಉಪಾಯವೆಲ್ಲ ಕೆಟ್ಟು, ಕೊನೆಗೆ ಸರಕಾರವೇ ಬಂದು ಅವನ ಓಟನ್ನು ತಡೆದಿತ್ತು. ಇದಕ್ಕಿಂತ ಹೆಚ್ಚು ಬೇಡುವುದೇನಿದೆ?

ಹೊರಗೆ ಬಂದು ಜಗಲಿಯಲ್ಲಿ ಕಾಯುತ್ತಿದ್ದ ಭಟ್ಟರ ಮುಂದೆ ಮುಖ ಸಣ್ಣದು ಮಾಡಿ ನಿಂತ. "ಬೆಳಗ್ಗೆ ಅಕಸ್ಮಾತ್ ಗೇರುಸೊನೆ ತಾಗಿತು ಭಟ್ರೆ. ನಿಮಗೆ ಓಟು ಹಾಕ್ಬೇಕು ಅಂತ ಇಷ್ಟು ದೂರ ನಡೆದು ಬಂದೆ. ಆ ಮಾಸ್ಟ್ರು ಬಿಡ್ಲಿಲ್ಲ."

"ಬೇಸರ ಮಾಡ್ಬೇಡ ಸಂಕಪ್ಪ" ಎಂದು ಭಟ್ಟರು ಅವನ ಹೆಗಲು ತಟ್ಟಿದರು. "ನೀನು ಬಂದದ್ದೇ ದೊಡ್ಡದು. ಬೆರಳಿಗೆ ತೆಂಗಿನೆಣ್ಣೆ ಹಚ್ಚು."

ಜೀಪಿನ ಹತ್ತಿರ ರೈಗಳ ಮುಂದೆಯೂ ಅದೇ ಮುಖ, ಅದೇ ಮಾತು. ರೈಗಳಂತೂ ಮಾಸ್ಟ್ರಿಗೆ ಎರಡು ಮಾತು ಬೈದು, "ನಿನ್ನ ಮನಸ್ಸು ನಂಗೆ ಗೊತ್ತುಂಟು ಮಾರಾಯ" ಎಂದರು.

ಆ ಮಧ್ಯಾಹ್ನ ಸಂಕಪ್ಪನಷ್ಟು ಸುಖಿ ನೆಕ್ಕಿಲಕಟ್ಟೆಯಲ್ಲಿ ಇನ್ನೊಬ್ಬನಿರಲಿಲ್ಲ. ಬೆರಳಿಗೆ ಎಣ್ಣೆ ಹಚ್ಚಿ, ಗಂಜಿ ಉಂಡು, ಸೀತುವಿಗೆ ಎಲ್ಲ ವಿವರಿಸಿದ. "ಆಣೆ ತಪ್ಪಿಸಿದ್ದು ನಾನಲ್ಲ, ಸರಕಾರ. ದೈವ ಕೇಳುದಾದ್ರೆ ಹೋಗಿ ಮಾಸ್ಟ್ರನ್ನು ಕೇಳ್ಲಿ. ನಮಗೆ ಕೊಪ್ಪರಿಗೆಯೂ ಉಂಟು, ಜೀಪೂ ಉಂಟು." ಸೀತು ಒಮ್ಮೆಯಾದರೂ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟದ ಬಿಸಿಯಲ್ಲಿ ಸಂಕಪ್ಪ ಎರಡು ಗಂಟೆ ನಿದ್ದೆ ಹೊಡೆದ.

ಎಬ್ಬಿಸಿದ್ದು ಹಂಝನ ಸೈಕಲ್ ಬೆಲ್ಲು. "ಸಂಕಪ್ಪಣ್ಣ, ಬೇಗ ಬನ್ನಿ! ಶಾಲೆಗೆ ಕರೀತಾರೆ!"

ಪಂಚಾಯತು ಚುನಾವಣೆಯಾದ್ದರಿಂದ ಎಣಿಕೆಯೂ ಅದೇ ಸಂಜೆ ಅದೇ ಶಾಲೆಯಲ್ಲಿ. ಸಂಕಪ್ಪ ಹೋಗುವಾಗ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಆದಂ ಕುಂಞಿ ಚಾ ಅಂಗಡಿ ಬಾಗಿಲು ಹಾಕಿ ಬಂದು, ಬೀಡಿ ಲೇಬಲ್ಲೊಂದನ್ನು ಎತ್ತಿ ಹಿಡಿದು ಕುಣಿಯುತ್ತಿದ್ದ.

"ಬೆಳಗ್ಗೆಯೇ ಬರೆದಿಟ್ಟದ್ದು! ನೋಡಿ, ಎಲ್ಲರೂ ನೋಡಿ! ಅರುವತ್ತಾರು, ಅರುವತ್ತಾರು!"

ಸಂಕಪ್ಪ ಬರುವ ಮೊದಲೇ ಮಾಸ್ಟ್ರು ಮೂರು ಸಲ ಎಣಿಸಿದ್ದರು. ಕೊಡೆಗೆ ಅರುವತ್ತಾರು, ಏಣಿಗೆ ಅರುವತ್ತಾರು. ಸತ್ತವರು ಮತ್ತು ಬೊಂಬಾಯಿಯವರು ನಾಲ್ಕು. ಉಳಿದದ್ದು ಒಂದು.

"ಸಮಸಮ ಬಂದ್ರೆ ಚೀಟಿ ಎತ್ತಬೇಕು ಅಂತ ನಿಯಮ" ಎಂದಿದ್ದರು ಮಾಸ್ಟ್ರು. "ನಾನು ಎತ್ತುದಿಲ್ಲ. ನಾಳೆ ನನ್ನ ಮೇಲೆ ಹೇಳ್ತೀರಿ."

ಪೊಲೀಸ್ ಪೇದೆ ಎತ್ತಲಿ ಎಂದರು ಯಾರೋ. "ಪೇದೆ ಬೆಳಗ್ಗೆ ಕಾಫಿ ಕುಡಿದದ್ದು ಭಟ್ರ ಮನೆಯಲ್ಲಿ" ಎಂದರು ಏಣಿಯವರು. "ಮಧ್ಯಾಹ್ನ ಕೋಳಿ ತಿಂದದ್ದು ರೈಗಳ ಮನೆಯಲ್ಲಿ" ಎಂದರು ಕೊಡೆಯವರು. ಶಾಲೆಯ ಮಕ್ಕಳು ಎತ್ತಲಿ ಎಂದರೆ, ಊರಿನ ಒಂದೊಂದು ಮಗುವಿನ ಅಂಗಿಯಲ್ಲೂ ಬೆಳಗ್ಗಿನಿಂದ ಕೊಡೆಯದ್ದೋ ಏಣಿಯದ್ದೋ ಬಿಲ್ಲೆ ಚುಚ್ಚಿಕೊಂಡಿತ್ತು.

ಆಗ ಆದಂ ಕುಂಞಿ ಹೇಳಿದ್ದ: "ಯಾರಿಗೂ ಓಟು ಹಾಕದವನ ಕೈಯಲ್ಲಿ ಎತ್ತಿಸಿ. ಇಡೀ ವಾರ್ಡಿನಲ್ಲಿ ಜೀವಂತ ಇದ್ದು ಊರಲ್ಲೇ ಇರುವವರಲ್ಲಿ ಅಂಥವನು ಒಬ್ಬನೇ ಇರುದು."

ಸಂಕಪ್ಪನ ಹೆಸರು ಕೇಳಿ ಭಟ್ಟರೂ ರೈಗಳೂ ಒಟ್ಟಿಗೆ "ಆಗಬಹುದು" ಎಂದಿದ್ದರು. ಇಬ್ಬರ ಮುಖದಲ್ಲೂ ಗುಟ್ಟಿನ ನಗೆ ಇತ್ತು. ಯಾಕೆಂದರೆ ಅವನು ನಮ್ಮವನೇ ಎಂದು ಇಬ್ಬರಿಗೂ ಖಾತ್ರಿಯಿತ್ತು.

"ನಂಗೆ ಬೆರಳು ನೋವು ಸಾರ್" ಎಂದ ಸಂಕಪ್ಪ, ಮಾಸ್ಟ್ರ ಮುಂದೆ ನಿಂತು.

"ನೋವಿರುದು ಎಡಗೈ. ಬಲಗೈಯಲ್ಲಿ ಎತ್ತಿ."

ಆದಂ ಕುಂಞಿಯ ಸಕ್ಕರೆ ಡಬ್ಬಿಯಲ್ಲಿ ಎರಡು ಚೀಟಿ ಮಡಚಿ ಹಾಕಿ ಕುಲುಕಿದರು. ಡಬ್ಬಿಯ ಕಡೆ ಹೋಗುವಾಗ ಭಟ್ಟರು ಬಲಗಿವಿಯಲ್ಲಿ, "ದೈವ ನಿನ್ನ ಆಣೆ ನಡೆಸಿಕೊಡ್ತದೆ ನೋಡು" ಎಂದರು. ರೈಗಳು ಎಡಗಿವಿಯಲ್ಲಿ, "ಕೊಟ್ಟ ಮಾತು ಇವತ್ತೇ ತೀರಿಸ್ಲಿಕ್ಕೆ ಸಿಕ್ಕಿತಲ್ಲ ಸಂಕಪ್ಪ" ಎಂದರು. ಒಂದು ಓಟು ಹಾಕಲು ಹೆದರಿದವನ ಕೈಗೆ ಈಗ ಅರುವತ್ತಾರರ ಮೇಲಿನ ಅರುವತ್ತೇಳನೆಯದು ಬಂದು ಕುಳಿತಿತ್ತು. ಅದೂ ಗುಟ್ಟಾಗಿ ಅಲ್ಲ, ಇಡೀ ಊರಿನ ಕಣ್ಣೆದುರು.

ಸಂಕಪ್ಪ ಕಣ್ಣು ಮುಚ್ಚಿದ. ಕೈ ಡಬ್ಬಿಯೊಳಗೆ ಹೋಯಿತು. ಒಂದು ಚೀಟಿ ಹಿಡಿದ, ಬಿಟ್ಟ, ಇನ್ನೊಂದು ಹಿಡಿದ, ಅದನ್ನೂ ಬಿಟ್ಟ.

"ಅಲ್ಲಿ ಅಳತೆ ತೆಗೀತೀರಾ? ಎತ್ತಿ ಮಾರಾಯ್ರೆ!" ಎಂದರು ಮಾಸ್ಟ್ರು.

ಎತ್ತಿದ. ಮಾಸ್ಟ್ರು ಬಿಡಿಸಿ ಓದಿದರು. "ಏಣಿ."

ಅಂಗಳದ ಒಂದು ಅರ್ಧ ಕೂಗಿತು, ಇನ್ನೊಂದು ಅರ್ಧ ಸುಮ್ಮನಾಯಿತು. ರೈಗಳು ಸಂಕಪ್ಪನನ್ನು ತಬ್ಬಿ ನೆಲದಿಂದ ಎತ್ತಿದರು. ಇಳಿಸಿದ ಮೇಲೆ ನೋಡಿದರೆ ಭಟ್ಟರು ಎದುರು ನಿಂತಿದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಭಟ್ಟರು ದೊಡ್ಡ ಮನುಷ್ಯರು, ಸೋತಾಗ ಕೂಡ ನಗುವವರು.

"ನಂಗೆಂತದೂ ಬೇಸರ ಇಲ್ಲ ಸಂಕಪ್ಪ. ಎಲ್ಲ ಅವರವರ ಯೋಗ" ಎಂದರು. ಎರಡು ಹೆಜ್ಜೆ ಹೋಗಿ, ಈಗ ನೆನಪಾಯಿತೆಂಬಂತೆ ತಿರುಗಿದರು. "ಹಾಂ, ಆ ಕೊಪ್ಪರಿಗೆ. ಕಲಾಯಿ ಹಾಕ್ಲಿಕ್ಕೆ ಪುತ್ತೂರಿಗೆ ಕಳಿಸ್ಬೇಕು. ಒಂದು ತಿಂಗಳು 'ಬರ್ತದೆ, ಬರ್ತದೆ' ಅಂತ ಹೇಳ್ತಾರೆ. ಅವರೂ ದರ್ಜಿಗಳ ಹಾಗೆಯೇ."

ಹೋಗಲಿ, ಜೀಪಾದರೂ ಉಂಟಲ್ಲ ಎಂದುಕೊಂಡ ಸಂಕಪ್ಪ. ಅನ್ನವನ್ನು ಸಣ್ಣ ಪಾತ್ರೆಯಲ್ಲಿ ಹತ್ತು ಸಲ ಬೇಯಿಸಬಹುದು. ಹಾರ ಹಾಕಿಸಿಕೊಳ್ಳುತ್ತಿದ್ದ ರೈಗಳ ಹತ್ತಿರ ಹೋಗಿ, "ಧನಿ, ಹದಿನೆಂಟಕ್ಕೆ ಜೀಪು ಬೆಳಗ್ಗೆ ಎಷ್ಟು ಗಂಟೆಗೆ...?" ಎಂದ.

"ಹದಿನೆಂಟಕ್ಕಾ?" ರೈಗಳು ಮಾಸ್ಟ್ರ ಕಡೆ ನೋಡಿದರು. ಮಾಸ್ಟ್ರು ಕಾಗದ ನೋಡಿ ತಲೆಯಾಡಿಸಿದರು. "ಅಯ್ಯೋ ಸಂಕಪ್ಪ! ಹದಿನೆಂಟಕ್ಕೇ ಅಲ್ವಾ ಪಂಚಾಯತಿನ ಅಧ್ಯಕ್ಷರನ್ನು ಆರಿಸುದು! ಆಚೆ ಈಚೆಯ ಮೆಂಬರುಗಳನ್ನೆಲ್ಲ ಹಿಂದಿನ ದಿನವೇ ಜೀಪಿನಲ್ಲಿ ತುಂಬಿಸಿಕೊಂಡು ಕೂರ್ಬೇಕು, ಇಲ್ಲದಿದ್ರೆ ಭಟ್ರ ಕಡೆಯವರು ತುಂಬಿಸಿಕೊಳ್ತಾರೆ. ನೀನು ನನ್ನನ್ನು ಗೆಲ್ಲಿಸಿದೆ ಅಂತ ಅಲ್ವಾ ಇದೆಲ್ಲ ಆದದ್ದು? ನಾನು ಸೋತಿದ್ರೆ ಜೀಪು ಇಡೀ ದಿನ ನಿನ್ನದೇ!"

ಜನ ಕರಗಿದ ಮೇಲೆ ಸಂಕಪ್ಪ ಆದಂ ಕುಂಞಿಯ ಅಂಗಡಿಗೆ ಬಂದು ನಿಂತ. ಆದಂ ಕುಂಞಿ ಕೇಳದೆಯೇ ಒಂದು ಚಾ ಕೊಟ್ಟ, ಜೊತೆಗೆ ಒಂದು ಬಿಸ್ಕೂಟನ್ನೂ. ಚೀಟಿಯಲ್ಲಿ ಮೋಸವಾಯಿತೆಂದು ಭಟ್ಟರ ಕಡೆಯವರು ಹೇಳಿಯಾರೆಂದು ಏಣಿ ಬೆಂಚಿನವರು ಅವನನ್ನು ಕರೆದು ಕೂರಿಸಲಿಲ್ಲ. ಕೊಡೆ ಬೆಂಚಿನವರು ಅವನ ಕಡೆ ನೋಡಲೇ ಇಲ್ಲ. ಹಂಝ ಮಾತ್ರ ಸೈಕಲಿಗೆ ಒರಗಿ ನಿಂತು, "ದಿಬ್ಬಣಕ್ಕೆ ನನ್ನ ಸೈಕಲುಂಟು ಸಂಕಪ್ಪಣ್ಣ. ಒಬ್ಬೊಬ್ಬರನ್ನಾಗಿ ತರುವ. ಮದುಮಗನ ಸರದಿ ಬರುವಾಗ ಮೀನಿನ ಬುಟ್ಟಿ ತೆಗೆದಿಡ್ತೇನೆ" ಎಂದ.

"ನಮ್ಮಲ್ಲಿ ತುಪ್ಪದನ್ನ ಮಾಡುವ ದೊಡ್ಡ ಚೆಂಬು ಉಂಟು" ಎಂದಳು ದಾರಿಯಲ್ಲಿ ಹೋಗುತ್ತಿದ್ದ ಜೈನಬಮ್ಮ, ಬಾಗಿಲಲ್ಲಿ ನಿಂತು. "ಐವತ್ತು ಜನರದ್ದು. ನಾಲ್ಕು ಸಲ ಬೇಯಿಸಿದ್ರಾಯ್ತು. ನಿನ್ನ ಓಟು ಯಾರಿಗೆ ಅಂತ ನಂಗೆ ಬೇಡ."

ಸಂಕಪ್ಪ ನಕ್ಕ. ಇಡೀ ದಿನದಲ್ಲಿ ಅವನು ಬೇಕೆಂದು ನಕ್ಕದ್ದು ಅದೇ ಮೊದಲು. ಆದಂ ಕುಂಞಿ ಅಷ್ಟರಲ್ಲಿ ಹೊಸ ಬೀಡಿ ಲೇಬಲ್ಲೊಂದನ್ನು ತಿರುಗಿಸಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮುಂದಿನ ಚುನಾವಣೆಯ ಪಟ್ಟಿ ಶುರು ಮಾಡಿದ್ದ. ಹದಿನೈದು ವರ್ಷ ಮೂಲೆಯಲ್ಲಿ ಒಂಟಿಯಾಗಿದ್ದ ಹೆಸರಿಗೆ ಇವತ್ತು ಜಾಗ ಸಿಕ್ಕಿತ್ತು. ಬರೆದು ಮುಗಿಸಿ ತೃಪ್ತಿಯಿಂದ ಲೇಬಲ್ಲನ್ನು ಸಂಕಪ್ಪನ ಕಡೆ ತಿರುಗಿಸಿದ.

ಮೂರನೆಯ ಸಾಲಿನಲ್ಲಿ, ಸತ್ತ ಇಬ್ಬರು ಮತ್ತು ಬೊಂಬಾಯಿಯ ಇಬ್ಬರ ಕೆಳಗೆ, ದಪ್ಪ ಅಕ್ಷರದಲ್ಲಿ ಇತ್ತು: ಸಂಕಪ್ಪ, ದರ್ಜಿ.

"ಸರಿಯಾಯ್ತಾ?" ಎಂದ ಆದಂ ಕುಂಞಿ.

"ಸರಿಯಾಯ್ತು ಕಾಕ" ಎಂದ ಸಂಕಪ್ಪ. "ಇನ್ನು ಅಲ್ಲಿಂದ ತೆಗೀಬೇಡಿ, ದೈವದಾಣೆ."